ಅಸ್ಥಿಮಜ್ಜೆ ಹೇಳಿದ್ದೇನು?

ರಕ್ತದ ಕ್ಯಾನ್ಸರ್ ಎಂದೊಡನೆ ರಕ್ತವೇ ಕೆಟ್ಟಿತೆಂದು ನಾವು ಭಾವಿಸುತ್ತೇವೆ. 1845ರಲ್ಲಿ ಎಡಿನ್‌ಬರೋದ ವೈದ್ಯ ಜಾನ್ ಹ್ಯೂಸ್ ಬೆನೆಟ್ ಕೂಡ ಹಾಗೆಯೇ ತಿಳಿದರು. ಗುಲ್ಮ ಊದಿಕೊಂಡು ಸತ್ತ ರೋಗಿಯ ರಕ್ತದಲ್ಲಿ ಕೀವು ತುಂಬಿದೆ ಎಂದು ಬರೆದರು! ಅದೇ ವರ್ಷ ಬರ್ಲಿನ್ನಿನಲ್ಲಿ ಅಂಥದೇ ರೋಗಿಯನ್ನು ಪರೀಕ್ಷಿಸಿದ ರುಡಾಲ್ಫ್ ವಿರ್ಷೋ ಅವರಿಗೆ ಕಂಡದ್ದು ಮಿತಿಮೀರಿದ ಬಿಳಿ ರಕ್ತಕಣಗಳು. 1847ರಲ್ಲಿ ಅವರು ಇಟ್ಟ ಹೆಸರೇ ‘ಲ್ಯುಕೀಮಿಯಾ’, ಅಂದರೆ ಬಿಳಿ ರಕ್ತ.

ಈ ಕಣಗಳ ತವರು ಯಾವುದು? ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ ಎಂದು 1868ರಲ್ಲಿ ತೋರಿಸಿದವರು ಕೋನಿಗ್ಸ್‌ಬರ್ಗ್‌ನ ಅರ್ನ್ಸ್ಟ್ ನಾಯ್‌ಮನ್. ಲ್ಯುಕೀಮಿಯಾ ರೋಗಿಯ ಮಜ್ಜೆ ಬಣ್ಣಗೆಟ್ಟಿದ್ದುದನ್ನು 1870ರಲ್ಲಿ ಅವರೇ ವರದಿ ಮಾಡಿದರು. ಆದರೆ ಮಜ್ಜೆಯನ್ನು ನೋಡಬೇಕಾದರೆ ಸಾಮಾನ್ಯವಾಗಿ ರೋಗಿ ಸಾಯಬೇಕಿತ್ತು. 1929ರಲ್ಲಿ ಲೆನಿನ್‌ಗ್ರಾಡ್‌ನ ಮಿಖಾಯಿಲ್ ಅರಿಂಕಿನ್ ಎದೆಮೂಳೆಗೆ ಸೂಜಿ ಚುಚ್ಚಿ ಮಜ್ಜೆ ಸೆಳೆಯುವ ಸರಳ ವಿಧಾನವನ್ನು ಪ್ರಕಟಿಸಿದ ಮೇಲೆ ಪರಿಸ್ಥಿತಿ ಬದಲಾಯಿತು.

ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೀಮಿಯಾದಲ್ಲಿ ಮಜ್ಜೆ ಕಣಗಳಿಂದ ಕಿಕ್ಕಿರಿದಿರುತ್ತದೆ. ಬಣ್ಣ ಹಚ್ಚಿದ ಆ ಗಾಜು ಟಿ.ವಿ. ಪರದೆಯ ಮೇಲೆ ಕಸೂತಿಯಂತೆ ಚೆಂದವಾಗಿ ಕಾಣುತ್ತದೆ. ವೈದ್ಯರು ಹುಡುಕುವುದು ಮಾತ್ರ ‘ಬ್ಲಾಸ್ಟ್’ ಎಂಬ ಎಳೆಯ ಕಣಗಳನ್ನು. ಮೊದಲ ಹಂತದಲ್ಲಿ ಅವು ನೂರಕ್ಕೆ 10ಕ್ಕಿಂತ ಕಡಿಮೆ; 20 ಮುಟ್ಟಿದರೆ ರೋಗ ಉಗ್ರರೂಪ ತಾಳಿದೆಯೆಂದು ಅರ್ಥ. ಹಿಂದೆ ರೋಗಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು 3ರಿಂದ 5 ವರ್ಷ. ಬ್ಲಾಸ್ಟ್ ಏರಿದ ಮೇಲೆ ಕೆಲವೇ ತಿಂಗಳು. ಮಜ್ಜೆಯನ್ನು ನೋಡುವುದೆಂದರೆ ಗಡುವನ್ನು ಓದಿದಂತೆಯೇ ಆಗಿತ್ತು.

ರೋಗದ ಕಾರಣವೂ ಈ ಕಣಗಳೊಳಗೇ ಅಡಗಿತ್ತು. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ಕಣಗಳಲ್ಲಿ ಒಂದು ಗಿಡ್ಡ ವರ್ಣತಂತುವನ್ನು ಕಂಡರು. ತುಂಡಾದ ಭಾಗ ಎಲ್ಲಿ ಹೋಯಿತು? ಷಿಕಾಗೋದ ಜಾನೆಟ್ ರೌಲಿ ವರ್ಣತಂತುಗಳ ಫೋಟೋಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಜೋಡಿಸಿ ನೋಡುತ್ತಿದ್ದರು; ಅಮ್ಮ ಕಾಗದದ ಗೊಂಬೆಯಾಟ ಆಡುತ್ತಾಳೆಂದು ಮಕ್ಕಳಿಗೆ ತಮಾಷೆ. 9 ಮತ್ತು 22ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆ ಎಂದು 1973ರಲ್ಲಿ ಅವರು ಪ್ರಕಟಿಸಿದರು. ಆ ಬೆಸುಗೆಯಲ್ಲಿ ಹುಟ್ಟುವ ಹೊಸ ಜೀನ್ ಒಂದು ಕಿಣ್ವವನ್ನು ತಯಾರಿಸುತ್ತದೆ. ಅದು ‘ಹೆಚ್ಚು, ಹೆಚ್ಚು’ ಎಂದು ಕಣಕ್ಕೆ ಬಿಡುವಿಲ್ಲದೆ ಆಜ್ಞೆ ಕೊಡುತ್ತದೆ.

ಆ ಕಿಣ್ವದ ಬಾಯಿ ಕಟ್ಟುವ ಮಾತ್ರೆ ಇಮ್ಯಾಟಿನಿಬ್. 1998ರಲ್ಲಿ ಬ್ರಯಾನ್ ಡ್ರೂಕರ್ ಮತ್ತು ಸಂಗಡಿಗರು ರೋಗಿಗಳ ಮೇಲೆ ಅದರ ಪ್ರಯೋಗ ಆರಂಭಿಸಿದರು; 2001ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಮೊದಲ ಹಂತದಲ್ಲೇ ಈ ಮಾತ್ರೆ ಆರಂಭಿಸಿದವರ ದೊಡ್ಡ ಅಧ್ಯಯನವೊಂದರಲ್ಲಿ, 10 ವರ್ಷಗಳ ನಂತರವೂ ನೂರಕ್ಕೆ ಸುಮಾರು 83 ಮಂದಿ ಬದುಕಿದ್ದರು.

ಮಾತ್ರೆಯ ಬೆಲೆ ಬೇರೆಯದೇ ಕಥೆ. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪನಿಯ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿದ್ದರಿಂದ, ಎಷ್ಟೋ ಪಟ್ಟು ಅಗ್ಗದ ಭಾರತೀಯ ಮಾತ್ರೆಗಳು ರೋಗಿಗಳ ಕೈಗೆಟುಕುವಂತೆ ಉಳಿದವು.

ಬ್ಲಾಸ್ಟ್ ಹೆಚ್ಚಿದ ಮಜ್ಜೆ ಇಂದಿಗೂ ಕೆಟ್ಟ ಸುದ್ದಿಯೇ. ಆದರೆ ಔಷಧಕ್ಕೆ ಚೆನ್ನಾಗಿ ಬಗ್ಗಿದ ರೋಗದಲ್ಲಿ ಮತ್ತೆ ಮತ್ತೆ ಮೂಳೆ ಚುಚ್ಚಬೇಕಿಲ್ಲ. ತೋಳಿನಿಂದ ತೆಗೆದ ರಕ್ತದಲ್ಲೇ ಆ ಜೀನಿನ ಜಾಡನ್ನು ಅಳೆಯುತ್ತಾರೆ. ವರ್ಷಗಟ್ಟಲೆ ಅದು ತೀರಾ ಕೆಳಮಟ್ಟದಲ್ಲೇ ಉಳಿದರೆ, ಕೆಲವರಿಗೆ ವೈದ್ಯರು ಮಾತ್ರೆಯನ್ನೇ ನಿಲ್ಲಿಸಿ ನೋಡುತ್ತಾರೆ.