ನೋಡುವವರ ನೆಲೆ: ‘ಚೋಮನ ದುಡಿ’, ‘ಬೆಲ್ಚಿ’ ಮತ್ತು ‘ಒಡಲಾಳ’ಗಳಲ್ಲಿ ಸಾಮಾಜಿಕ ಉದ್ದೇಶ

ಸಾಮಾಜಿಕ ಪ್ರಶ್ನೆಯನ್ನು ಎತ್ತಿಕೊಂಡ ಕೃತಿಯ ಉದ್ದೇಶವನ್ನು ಎಲ್ಲಿ ಹುಡುಕಬೇಕು? ಪಾತ್ರಗಳ ಮಾತಿನಲ್ಲಿ, ಲೇಖಕರ ಮುನ್ನುಡಿಯಲ್ಲಿ, ಕಥೆಯ ಕೊನೆಯಲ್ಲಿ ಹುಡುಕುವುದು ನಮ್ಮ ವಿಮರ್ಶೆಯ ರೂಢಿ. ಹಾಗೆ ಹುಡುಕಿದರೆ ಕೈಗೆ ಸಿಗುವುದು ಕೃತಿಯ ನಿಲುವು. ಇಲ್ಲಿ ಪರಿಶೀಲಿಸುವ ಮೂರೂ ಕೃತಿಗಳ ನಿಲುವು ಹೆಚ್ಚುಕಡಿಮೆ ಒಂದೇ: ಜಾತಿಯ ಹೆಸರಿನ ಕ್ರೌರ್ಯ ಸಲ್ಲದು. ಆದರೂ ಮೂರನ್ನೂ ಓದಿ, ನೋಡಿ ಎದ್ದವರ ಮನಸ್ಸಿನಲ್ಲಿ ಉಳಿಯುವುದು ಮೂರು ಬೇರೆ ಬೇರೆ ಕಳವಳ. ಈ ವ್ಯತ್ಯಾಸ ಹುಟ್ಟುವುದು ಕೃತಿ ತನ್ನ ಓದುಗರನ್ನು, ಪ್ರೇಕ್ಷಕರನ್ನು ಎಲ್ಲಿ ತಂದು ನಿಲ್ಲಿಸುತ್ತದೆ ಎಂಬುದರಿಂದ ಎನ್ನುವುದು ನನ್ನ ವಾದ.

ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ದಕ್ಷಿಣ ಕನ್ನಡದ ಮೂಲದಾಳು (ಜೀತದಾಳು) ಚೋಮನಿಗೆ ಇರುವುದು ಒಂದೇ ಆಸೆ, ತುಂಡು ನೆಲದಲ್ಲಿ ತಾನೇ ಬೇಸಾಯ ಮಾಡಬೇಕು. ಎತ್ತುಗಳಿವೆ, ದುಡಿಯುವ ಮೈಯಿದೆ. ಹೊಲೆಯ ಬೇಸಾಯಗಾರನಾಗುವುದು ಮಾತ್ರ ಊರಿನ ಕಟ್ಟಳೆಗೆ ಹೊಂದುವುದಿಲ್ಲ. ಕಾದಂಬರಿಯ ನಿರೂಪಕ ಚೋಮನ ಬಗ್ಗೆ ಮರುಗುತ್ತಾನೆ, ಅವನ ಒಳಗನ್ನು ಬಲ್ಲವನಂತೆ ಮಾತಾಡುತ್ತಾನೆ. ಆದರೆ ಅವನು ಮಾತಾಡುವುದು ಹೊರಗೆ ನಿಂತು, ಓದುಬರಹ ಬಲ್ಲವರ ಕನ್ನಡದಲ್ಲಿ. ಇದನ್ನು ಕಾದಂಬರಿಯ ಕೊರತೆಯೆಂದು ಹೇಳುವವರಿದ್ದಾರೆ. ಚೋಮನ ಮಗ ನೀಲ ಮುಳುಗುವ ಸಂದರ್ಭವನ್ನು ಮತ್ತೊಮ್ಮೆ ಓದಿದರೆ ಆ ತೀರ್ಪನ್ನು ಒಪ್ಪುವುದು ಕಷ್ಟ. ಹುಡುಗ ನೀರುಪಾಲಾಗುತ್ತಿದ್ದಾನೆ, ದಡದಲ್ಲಿ ಮೇಲ್ಜಾತಿಯವರಿದ್ದಾರೆ, ಮುಟ್ಟಬಾರದವನ ಮಗನನ್ನು ಮುಟ್ಟಿ ಎತ್ತುವವರಿಲ್ಲ. ಆ ಹೊತ್ತಿನಲ್ಲಿ ಓದುಗರು ಎಲ್ಲಿದ್ದಾರೆ? ನೀರಿನಲ್ಲಂತೂ ಅಲ್ಲ. ಹೊರಗಿನಿಂದ ನೋಡುವ ನಿರೂಪಣೆಯೇ ಅವರನ್ನು ದಡದವರ ಸಾಲಿಗೆ ಸೇರಿಸಿಬಿಟ್ಟಿದೆ. 1933ರಲ್ಲಿ ಕನ್ನಡ ಕಾದಂಬರಿಯನ್ನು ಕೊಂಡು ಓದಬಲ್ಲವರು ಬಹುಮಟ್ಟಿಗೆ ಆ ದಡದವರೇ ಆಗಿದ್ದರು ಎಂಬುದನ್ನು ನೆನೆದರೆ, ಕಾರಂತರ ಉದ್ದೇಶ ಯಾವ ಸಂಭಾಷಣೆಗಿಂತಲೂ ಇಲ್ಲಿ ಹರಿತವಾಗಿ ಕಾಣುತ್ತದೆ.

ಈ ಕಾದಂಬರಿಯನ್ನು ಆಧರಿಸಿದ ಬಿ. ವಿ. ಕಾರಂತರ ಸಿನಿಮಾ ಬಂದದ್ದು 1975ರಲ್ಲಿ. ಅದಕ್ಕೆ ಸ್ವರ್ಣಕಮಲವೂ, ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂದವು. ಪ್ರಶಸ್ತಿಗಿಂತ ಕಾಲ ಮುಖ್ಯ. 1974ರ ಭೂಸುಧಾರಣಾ ತಿದ್ದುಪಡಿ ಆಗಷ್ಟೇ ಜಾರಿಯಾಗಿತ್ತು; ಗೇಣಿದಾರರು ಫಾರಂ ನಂ. 7 ತುಂಬಿ ಡಿಕ್ಲರೇಶನ್ ಕೊಡುತ್ತಿದ್ದ ದಿನಗಳವು. ಚೋಮ ಗೇಣಿದಾರನೇ ಅಲ್ಲ. ಆ ಫಾರಂನಲ್ಲಿ ಬರೆಯಲು ಅವನ ಬಳಿ ಸರ್ವೆ ನಂಬರಾಗಲಿ, ಗೇಣಿಯ ಲೆಕ್ಕವಾಗಲಿ ಇರಲಾರದು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಊರೂರಲ್ಲಿ ಕೇಳುತ್ತಿದ್ದಾಗ, ಉಳಲೂ ಬಿಡದವನ ಕಥೆಯನ್ನು ತೆರೆಗೆ ತಂದದ್ದೇ ಒಂದು ವಿಮರ್ಶೆ. ಚೋಮ ಬಾರಿಸುವ ದುಡಿಯ ಸದ್ದನ್ನು ಕಾದಂಬರಿ ವರ್ಣಿಸಬೇಕಾಗಿತ್ತು. ರಂಗಸಂಗೀತದಲ್ಲಿ ಪಳಗಿದ ಬಿ. ವಿ. ಕಾರಂತರು ಆ ಸದ್ದನ್ನು ನೇರ ಪ್ರೇಕ್ಷಕರ ಮೈಗೆ ತಾಗಿಸುತ್ತಾರೆ. ಚೋಮನ ಅಳಲು, ಸಿಟ್ಟು, ಸೋಲು ಯಾವುದೂ ಅವನ ಬಾಯಿಂದ ಬರುವುದಿಲ್ಲ, ದುಡಿಯಿಂದ ಬರುತ್ತದೆ.

ಬೀದಿನಾಟಕದ ನೆಲೆ ಬೇರೆ. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿಯಲ್ಲಿ ಹನ್ನೊಂದು ಮಂದಿಯನ್ನು ಕೊಂದು ಸುಟ್ಟರು. ಸತ್ತವರಲ್ಲಿ ಹೆಚ್ಚಿನವರು ದಲಿತರು. 1975ರಲ್ಲಿ ಹುಟ್ಟಿದ್ದ ‘ಸಮುದಾಯ’ ತಂಡ ಈ ಹತ್ಯೆಯನ್ನು ‘ಬೆಲ್ಚಿ’ ಎಂಬ ಬೀದಿನಾಟಕವಾಗಿಸಿ, 1979ರ ಜಾಥಾದಲ್ಲಿ ಕರ್ನಾಟಕದ ಊರುಗಳಿಗೆ ಒಯ್ದಿತು. ಅದನ್ನು ಕಟ್ಟಿದವರು ಸಿ. ಜಿ. ಕೃಷ್ಣಸ್ವಾಮಿ. ಇಲ್ಲಿ ಪರದೆಯಿಲ್ಲ, ಕತ್ತಲಿನಲ್ಲಿ ಕೂತು ನೋಡುವ ಸೌಕರ್ಯವಿಲ್ಲ. ಜನ ಸುತ್ತುಗಟ್ಟಿ ನಿಲ್ಲುತ್ತಾರೆ. ಊರಿನ ಜಮೀನ್ದಾರ ಬಂದರೆ ಅವನೂ ಕೂಲಿಯವನೂ ಒಂದೇ ಸುತ್ತಿನಲ್ಲಿ ನಿಲ್ಲಬೇಕು, ಹಗಲು ಬೆಳಕಿನಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವಂತೆ. ಘಟನೆ ಬಿಹಾರದ್ದು ಎಂಬ ದೂರ ಇಲ್ಲಿ ಉಪಯೋಗಕ್ಕೆ ಬರುತ್ತದೆ: ತಮ್ಮೂರಿನ ಹೆಸರು ಹೇಳದೆಯೇ ತಮ್ಮೂರಿನ ಸಂಗತಿಯನ್ನು ಎಲ್ಲರೆದುರು ಆಡಿ ತೋರಿಸಬಹುದು. ಈ ರೂಪಕ್ಕೆ ಒಂದು ಮಿತಿಯೂ ಇದೆ, ಅದನ್ನು ಮುಚ್ಚಿಡಬಾರದು. ನಾಟಕ ಮುಗಿದೊಡನೆ ತಂಡ ಮುಂದಿನ ಊರಿಗೆ ಹೊರಡುತ್ತದೆ. ಕೂಲಿಯವನು ಮರುದಿನ ಬೆಳಿಗ್ಗೆ ಅದೇ ಹೊಲಕ್ಕೆ ಹೋಗಬೇಕು.

ದೇವನೂರ ಮಹಾದೇವರ ‘ಒಡಲಾಳ’ದ ಹಿನ್ನೆಲೆಯೂ ಇದೇ ಕಾಲದ್ದು. ದಲಿತ ಚಳವಳಿ ಬಲಗೊಂಡಿತ್ತು, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಸಭೆಗಳಲ್ಲಿ ಮೊಳಗುತ್ತಿತ್ತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡಿತು. ಇಂಥ ಕಾಲದಲ್ಲಿ ಮಹಾದೇವ ದನಿ ಏರಿಸದೆ ಒಂದು ಮನೆಯೊಳಕ್ಕೆ ಹೋಗುತ್ತಾರೆ. ಆ ಮನೆಯ ಸಾಕವ್ವನ ಹುಂಜ ಕಳೆದುಹೋಗಿದೆ; ಕತೆ ಶುರುವಾಗುವುದು ಆ ಹುಡುಕಾಟದಿಂದ. ರಾತ್ರಿ ಆ ಮನೆಗೆ ಕಡಲೆಕಾಯಿ ಮೂಟೆಯೊಂದು ಬರುತ್ತದೆ, ಧಣಿ ಎತ್ತಪ್ಪನ ಪಾಲಿನಿಂದ ಕದ್ದದ್ದು. ಮನೆಮಂದಿಯೆಲ್ಲ, ಮಕ್ಕಳು ಸಮೇತ, ಬೆಂಕಿಯ ಸುತ್ತ ಕೂತು ಸುಲಿದು ತಿನ್ನುತ್ತಾರೆ. ಹಸಿವು ತೀರುವುದು, ಸಾಕ್ಷ್ಯ ಇಲ್ಲವಾಗುವುದು ಎರಡೂ ಒಂದೇ ಕೆಲಸದಲ್ಲಿ ಆಗಿಹೋಗುತ್ತವೆ. ಪೊಲೀಸರು ಮನೆ ಶೋಧಿಸಲು ಬರುವ ಹೊತ್ತಿಗೆ ಓದುಗರು ಈ ಮನೆಯವರಾಗಿಬಿಟ್ಟಿರುತ್ತಾರೆ. ಏನೂ ಸಿಗದಿರಲಿ ಎಂದು ಅವರ ಜೊತೆಗೆ ಎದೆ ಹಿಡಿದು ಕಾಯುತ್ತಾರೆ. ಕಾನೂನಿನ ಕಣ್ಣಿಗೆ ಕಳ್ಳತನವಾದದ್ದು ಒಳಗಿನಿಂದ ಕಂಡಾಗ ಬಹುದಿನಗಳ ನಂತರದ ಊಟ. ಇದೇ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ನವಿಲು ಬರೆಯುತ್ತಾಳೆ. ಬಡತನದ ಬರವಣಿಗೆಯಲ್ಲಿ ಸಾಮಾನ್ಯವಾಗಿ ಜಾಗ ಸಿಗದ ಚೆಲುವು, ಕುಶಾಲು, ಜಗಳ ಎಲ್ಲಕ್ಕೂ ಇಲ್ಲಿ ಎಡೆಯಿದೆ. ಈ ಮನೆಯವರು ಯಾರ ಕರುಣೆಗೂ ಕಾದು ಕುಳಿತವರಲ್ಲ. ನನಗೆ ಕಂಡಂತೆ ಮೂರರಲ್ಲಿ ಅತ್ಯಂತ ಆಳಕ್ಕಿಳಿಯುವ ಕೃತಿ ಇದೇ, ಮತ್ತು ಅದಕ್ಕೆ ಕಾರಣ ಈ ಒಳಗಿನ ನೆಲೆ. ಆಡುನುಡಿಯನ್ನು ನಿರೂಪಣೆಗೂ ಹರಿಸಿದ ಮಹಾದೇವರದೇ ‘ಕುಸುಮಬಾಲೆ’ (1984) ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು.

‘ಬೆಲ್ಚಿ’ಯ ನಿರ್ದೇಶಕರೇ ಮುಂದೆ ‘ಒಡಲಾಳ’ವನ್ನು ರಂಗಕ್ಕೆ ತಂದರು, ಉಮಾಶ್ರೀ ಸಾಕವ್ವನಾದರು. ಸುತ್ತುಗಟ್ಟಿ ನಿಂತ ಪ್ರೇಕ್ಷಕರನ್ನು ಕಂಡಿದ್ದ ನಿರ್ದೇಶಕರಿಗೆ ಇಲ್ಲಿ ಎದುರಾದದ್ದು ಬೇರೆಯೇ ತೊಡಕು: ಓದುವಾಗ ಮನೆಯೊಳಗಿದ್ದವರನ್ನು ರಂಗ ಮತ್ತೆ ಹೊರಗೆ, ಟಿಕೆಟ್ ಕೊಂಡ ಕುರ್ಚಿಗಳಲ್ಲಿ ಕೂರಿಸುತ್ತದೆ. ಆ ದೂರವನ್ನು ದಾಟಿಸುವ ಭಾರವೆಲ್ಲ ಒಬ್ಬ ನಟಿಯ ದೇಹ ಮತ್ತು ದನಿಯ ಮೇಲೆ ಬಿತ್ತು. ಉಮಾಶ್ರೀಯವರ ಸಾಕವ್ವನನ್ನು ರಂಗಾಸಕ್ತರು ಇಂದಿಗೂ ಹೆಸರು ಹಿಡಿದು ನೆನೆಯುವುದಕ್ಕೆ ಅಭಿನಯದ ಸೊಗಸಷ್ಟೇ ಕಾರಣವಲ್ಲವೆಂದು ನಾನು ತಿಳಿದಿದ್ದೇನೆ. ನಿರೂಪಣೆ ಪುಟದ ಮೇಲೆ ಮಾಡಿದ್ದನ್ನು ರಂಗದ ಮೇಲೆ ಅವರೊಬ್ಬರೇ ಮಾಡಬೇಕಾಗಿ ಬಂದಿತ್ತು.