ಥೇಮ್ಸ್ ದಂಡೆಯ ಡ್ರಾಕುಲಾ ಕೋಟೆ: ಹ್ಯಾಮರ್ ಚಿತ್ರಸಂಸ್ಥೆಯ ತೊಂಬತ್ತು ವರ್ಷ

1934ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಒಂದು ಪುಟ್ಟ ಸಿನಿಮಾ ಕಂಪನಿ ಶುರುವಾಯಿತು. ಸ್ಥಾಪಕ ವಿಲಿಯಂ ಹಿಂಡ್ಸ್ ವ್ಯಾಪಾರಿ, ಜೊತೆಗೆ ರಂಗದ ಮೇಲೆ ಹಾಸ್ಯನಟ. ಹ್ಯಾಮರ್‌ಸ್ಮಿತ್ ಎಂಬ ಬಡಾವಣೆಯ ಹೆಸರನ್ನು ತುಂಡು ಮಾಡಿ ‘ವಿಲ್ ಹ್ಯಾಮರ್’ ಎಂದು ರಂಗನಾಮ ಇಟ್ಟುಕೊಂಡಿದ್ದರು. ಕಂಪನಿಗೂ ಅದೇ ಅಂಟಿಕೊಂಡಿತು. ಮೊದಲ ಚಿತ್ರ ಕಾಮಿಡಿ. ಎರಡು ತಲೆಮಾರಿನ ಪ್ರೇಕ್ಷಕರ ನಿದ್ದೆ ಕೆಡಿಸಿದ ಸಂಸ್ಥೆ ಹುಟ್ಟಿದ್ದು ನಗಿಸುವುದಕ್ಕೆ!

ಎರಡನೇ ಮಹಾಯುದ್ಧ ಮುಗಿದ ಮೇಲೆ ಕಂಪನಿಗೆ ಮರುಜೀವ ಕೊಟ್ಟವರು ಹಿಂಡ್ಸ್ ಅವರ ಮಗ ಆಂಥನಿ ಮತ್ತು ಪಾಲುದಾರರ ಮಗ ಜೇಮ್ಸ್ ಕರೇರಾಸ್. ಆಂಥನಿ ಚಿತ್ರ ಮಾಡುವವರು, ಜೇಮ್ಸ್ ಮಾರುವವರು. ಪೋಸ್ಟರ್ ಮೊದಲು, ಚಿತ್ರಕಥೆ ಆಮೇಲೆ ಎಂಬುದು ಜೇಮ್ಸ್ ಅವರ ಪದ್ಧತಿ. ಹೆಸರು, ಬಣ್ಣದ ಚಿತ್ರ ತೋರಿಸಿ ಅಮೆರಿಕದ ವಿತರಕರಿಂದ ಹಣ ಎತ್ತುತ್ತಿದ್ದರು. ಹಾಗಂತ ಕೈ ಬಿಚ್ಚಿ ಖರ್ಚು ಮಾಡಿದವರಲ್ಲ. ದೊಡ್ಡ ಸ್ಟುಡಿಯೋದ ಬಾಡಿಗೆ ಭಾರವೆಂದು ಹಳೆಯ ಬಂಗಲೆಗಳಲ್ಲಿ ಶೂಟಿಂಗ್ ಮಾಡುತ್ತ, 1951ರಲ್ಲಿ ಬ್ರೇ ಗ್ರಾಮದ ಹತ್ತಿರ ಥೇಮ್ಸ್ ದಂಡೆಯ ಡೌನ್ ಪ್ಲೇಸ್ ಎಂಬ ಮನೆಗೆ ಬಂದು ನೆಲೆನಿಂತರು. ಅದೇ ಮುಂದೆ ಬ್ರೇ ಸ್ಟುಡಿಯೋ ಆಯಿತು.

ನನ್ನ ಮಟ್ಟಿಗೆ ಹ್ಯಾಮರ್ ಶೈಲಿ ಎನ್ನುವುದರ ಅರ್ಧ ಪಾಲು ಈ ಮನೆಯದು, ಉಳಿದರ್ಧ ಕಂಪನಿಯ ಜುಗ್ಗತನದ್ದು.

1957ರ ‘ದಿ ಕರ್ಸ್ ಆಫ್ ಫ್ರಾಂಕನ್‌ಸ್ಟೈನ್’ ನೋಡಿ. ಮೇರಿ ಶೆಲ್ಲಿ ಅವರ ಕಾದಂಬರಿ ಯಾರ ಸ್ವತ್ತೂ ಅಲ್ಲ; ಆದರೆ ಚಪ್ಪಟೆ ತಲೆ, ಕತ್ತಿನಲ್ಲಿ ಬೋಲ್ಟು ಇರುವ ರಾಕ್ಷಸನ ಮುಖ ಅಮೆರಿಕದ ಯೂನಿವರ್ಸಲ್ ಕಂಪನಿಯದು. ಅದನ್ನು ಮುಟ್ಟಿದರೆ ಕೋರ್ಟಿಗೆ ಎಳೆಯುತ್ತೇವೆಂಬ ಬೆದರಿಕೆ ಇತ್ತು. ಮೇಕಪ್ ಕಲಾವಿದ ಫಿಲ್ ಲೀಕಿ ಹೊಲಿಗೆ ಬಿಟ್ಟ, ಕೊಳೆತ ಚರ್ಮದ ಹೊಸ ಮುಖವನ್ನೇ ಕಟ್ಟಬೇಕಾಯಿತು. ಅದರ ಒಳಗಿದ್ದವರು ಆರೂವರೆ ಅಡಿ ಮುಟ್ಟುವ ಕ್ರಿಸ್ಟೋಫರ್ ಲೀ. ಎತ್ತರಕ್ಕಾಗಿಯೇ ಆ ಪಾತ್ರ ಸಿಕ್ಕಿತ್ತು; ಮಾತು ಒಂದೂ ಇರಲಿಲ್ಲ.

ಆ ಚಿತ್ರ ಗೆದ್ದದ್ದೇ ತಡ, ಅದೇ ವರ್ಷದ ನವೆಂಬರ್‌ನಲ್ಲಿ ‘ಡ್ರಾಕುಲಾ’ ಸೆಟ್ಟೇರಿತು. ನಿರ್ದೇಶನ ಟೆರೆನ್ಸ್ ಫಿಷರ್, ಚಿತ್ರಕಥೆ ಜಿಮ್ಮಿ ಸ್ಯಾಂಗ್‌ಸ್ಟರ್, ಬಜೆಟ್ ಸುಮಾರು 81,000 ಪೌಂಡ್. ಬ್ರಾಮ್ ಸ್ಟೋಕರ್ ಕಾದಂಬರಿಯ ಹಡಗಿನ ಪ್ರಯಾಣಕ್ಕೆ, ಲಂಡನ್ನಿನ ಬೀದಿಗಳಿಗೆ ಆ ದುಡ್ಡು ಸಾಲದು. ಸ್ಯಾಂಗ್‌ಸ್ಟರ್ ಎಲ್ಲವನ್ನೂ ಕತ್ತರಿಸಿ, ಕೋಟೆಯನ್ನೂ ಊರನ್ನೂ ಒಂದು ಹಗಲು ಗಾಡಿ ಓಡಿಸಿದರೆ ಮುಟ್ಟುವಷ್ಟು ಹತ್ತಿರ ತಂದರು. ಡ್ರಾಕುಲಾ ಬಾವಲಿಯಾಗುವುದನ್ನು ತೋರಿಸಲೂ ಹಣವಿಲ್ಲ. ಆದ್ದರಿಂದ ಪಿಶಾಚಿಗಳು ಪ್ರಾಣಿಯ ರೂಪ ತಾಳುತ್ತವೆಂಬುದು ಬರೀ ಕಟ್ಟುಕಥೆ ಎಂದು ಪಿಶಾಚಿ ಬೇಟೆಗಾರ ವ್ಯಾನ್ ಹೆಲ್ಸಿಂಗ್ ಬಾಯಲ್ಲಿ ಹೇಳಿಸಿಬಿಟ್ಟರು! ಖರ್ಚು ಉಳಿಸಲು ಬರೆದ ಆ ಒಂದು ಮಾತು ಕಥೆಗೆ ಲಾಭವೇ ಆಯಿತು. ಮನುಷ್ಯರೂಪ ಬಿಡಲಾಗದ ಡ್ರಾಕುಲಾ ಹೆಚ್ಚು ಹತ್ತಿರದವನು, ಹೆಚ್ಚು ಅಪಾಯದವನು.

ಡ್ರಾಕುಲಾ ಆಗಿದ್ದ ಲೀ ಅವರಿಗೆ ಈ ಚಿತ್ರದಲ್ಲೂ ಮಾತು ಕಡಿಮೆ. ಮೊದಲ ಭಾಗದಲ್ಲಿ ಕೋಟೆಗೆ ಬಂದ ಅತಿಥಿ ಹಾರ್ಕರ್ ಜೊತೆ ಹತ್ತಾರು ವಾಕ್ಯ, ಆಮೇಲೆ ಕೊನೆಯವರೆಗೆ ಮೌನ. ಮೆಟ್ಟಿಲ ತುದಿಯಲ್ಲಿ ಕಪ್ಪು ನೆರಳಾಗಿ ನಿಲ್ಲುವಾಗ ಜೇಮ್ಸ್ ಬರ್ನಾರ್ಡ್ ಅವರ ಸಂಗೀತ ಅಬ್ಬರಿಸುತ್ತದೆ. ‘ಡ್ರಾ-ಕು-ಲಾ’ ಎಂದು ಹೆಸರನ್ನೇ ಕೂಗುವಂತಿರುವ ಮೂರು ಸ್ವರ. ಕಿರುಚಲು ಸಿದ್ಧರಾಗಿ ಕೂತರೆ, ಆತ ಸರಸರನೆ ಇಳಿದು ಬಂದು ಸಭ್ಯ ಗೃಹಸ್ಥನಂತೆ ಅತಿಥಿಯನ್ನು ಸ್ವಾಗತಿಸುತ್ತಾನೆ. ಸ್ವಲ್ಪ ಹೊತ್ತಿನ ನಂತರ ಅದೇ ಮುಖ ಕೆಂಪು ಕಣ್ಣು, ರಕ್ತ ಮೆತ್ತಿದ ಬಾಯಿಯೊಂದಿಗೆ ಬಾಗಿಲಲ್ಲಿ ಕಾಣಿಸುತ್ತದೆ. ಕಣ್ಣಿನ ಕೆಂಪಿಗೆ ಹಾಕಿದ್ದ ಆ ಕಾಲದ ಕಾಂಟ್ಯಾಕ್ಟ್ ಲೆನ್ಸಿನಿಂದ ಲೀ ಅವರಿಗೆ ಎದುರಿಗಿದ್ದದ್ದೇ ಸರಿಯಾಗಿ ಕಾಣುತ್ತಿರಲಿಲ್ಲ.

ಕೊನೆಯ ದೃಶ್ಯದ ಯಶಸ್ಸಿನಲ್ಲಿ ವ್ಯಾನ್ ಹೆಲ್ಸಿಂಗ್ ಆಗಿದ್ದ ಪೀಟರ್ ಕುಶಿಂಗ್ ಅವರ ಪಾಲು ದೊಡ್ಡದು. ಚಿತ್ರಕಥೆಯ ಪ್ರಕಾರ ಅವರು ಜೇಬಿನಿಂದ ಮತ್ತೊಂದು ಶಿಲುಬೆ ತೆಗೆಯಬೇಕಿತ್ತು. ಹೀಗೆ ತೆಗೆದು ತೆಗೆದು ತೋರಿಸಿದರೆ ಶಿಲುಬೆ ಮಾರುವವನಂತೆ ಕಾಣುತ್ತೇನೆ ಎಂದು ಅವರ ತಕರಾರು. ಉದ್ದದ ಮೇಜಿನ ಮೇಲೆ ಓಡಿ, ಹಾರಿ ಪರದೆ ಎಳೆದು ಬಿಸಿಲನ್ನು ಒಳಬಿಡುವುದು, ಎರಡು ಮೇಣದಬತ್ತಿ ಸ್ಟ್ಯಾಂಡುಗಳನ್ನು ಅಡ್ಡಡ್ಡ ಹಿಡಿದು ಶಿಲುಬೆ ಮಾಡುವುದು, ಎರಡೂ ಅವರ ಸಲಹೆ. ರಾಶಿಚಕ್ರ ಬರೆದ ನೆಲದ ಮೇಲೆ ಡ್ರಾಕುಲಾ ಬೂದಿಯಾಗುತ್ತಾನೆ. ಗಾಳಿಗೆ ಬೂದಿ ಹಾರಿ ಉಂಗುರ ಉಳಿಯುತ್ತದೆ.

ಇಷ್ಟು ದೊಡ್ಡದಾಗಿ ಕಾಣುವ ಆ ಕೋಟೆ ಬ್ರೇಯ ಇಕ್ಕಟ್ಟಿನಲ್ಲಿ ಕಲಾ ನಿರ್ದೇಶಕ ಬರ್ನಾರ್ಡ್ ರಾಬಿನ್ಸನ್ ನಿಲ್ಲಿಸಿದ್ದು. ಅವರು ಯಾವುದನ್ನೂ ಸುಮ್ಮನೆ ಎಸೆದವರಲ್ಲ. ‘ಡ್ರಾಕುಲಾ’ ಮುಗಿದ ಕೆಲವೇ ದಿನಗಳಲ್ಲಿ, 1958ರ ಜನವರಿಯಲ್ಲಿ, ಅದೇ ಸೆಟ್ಟುಗಳು ಬಣ್ಣ ಬದಲಿಸಿ ‘ದಿ ರಿವೆಂಜ್ ಆಫ್ ಫ್ರಾಂಕನ್‌ಸ್ಟೈನ್’ಗೆ ದುಡಿದವು. 1959ರ ‘ದಿ ಸ್ಟ್ರಾಂಗ್ಲರ್ಸ್ ಆಫ್ ಬಾಂಬೆ’ಗಾಗಿ ಥೇಮ್ಸ್ ದಂಡೆಯಲ್ಲೇ ನಮ್ಮ ದೇಶವೂ ಎದ್ದಿತು. ಥಗ್ಗರ ಕಥೆ ಎನ್ನುತ್ತ ಕಾಳಿಯನ್ನು ರಕ್ತಪಿಪಾಸು ಭೂತದಂತೆ ತೋರಿಸುವ ಆ ಚಿತ್ರವನ್ನು ಇವತ್ತು ಮುಜುಗರವಿಲ್ಲದೆ ನೋಡಲಾಗದು.

ಡ್ರಾಕುಲಾ ಪಾತ್ರಕ್ಕೆ ಲೀ ಮತ್ತೆ ಬಂದದ್ದು 1966ರಲ್ಲಿ ತೆರೆಕಂಡ ‘ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್’ನಲ್ಲಿ. ಅದೂ ‘ರಾಸ್ಪುಟಿನ್’ ಚಿತ್ರವೂ ಬೆನ್ನುಬೆನ್ನಿಗೆ ಒಂದೇ ಸೆಟ್ಟುಗಳಲ್ಲಿ ಮುಗಿದವು. ಇಡೀ ಚಿತ್ರದಲ್ಲಿ ಡ್ರಾಕುಲಾ ಬಾಯಿ ಬಿಡುವುದಿಲ್ಲ. ಬರೆದ ಮಾತು ಕೆಟ್ಟದಾಗಿತ್ತು, ಆಡಲೊಲ್ಲೆ ಎಂದೆ ಎನ್ನುತ್ತಿದ್ದರು ಲೀ. ನಾನು ಮಾತು ಬರೆದೇ ಇರಲಿಲ್ಲ ಎನ್ನುತ್ತಿದ್ದರು ಸ್ಯಾಂಗ್‌ಸ್ಟರ್. ಇಬ್ಬರೂ ಈಗಿಲ್ಲ, ಜಗಳ ಬಗೆಹರಿದಿಲ್ಲ.

1966ರಲ್ಲೇ ಹ್ಯಾಮರ್ ಬ್ರೇ ಬಿಟ್ಟಿತು. ವಿದೇಶಿ ಗಳಿಕೆಗಾಗಿ 1968ರಲ್ಲಿ ರಾಣಿಯ ಉದ್ಯಮ ಪ್ರಶಸ್ತಿ ಸಿಕ್ಕಾಗ ಶೂಟಿಂಗ್ ನಡೆಯುತ್ತಿದ್ದದ್ದು ಪೈನ್‌ವುಡ್ ಸ್ಟುಡಿಯೋದಲ್ಲಿ. ಅದನ್ನು ಸ್ವೀಕರಿಸಿದ್ದು ಡ್ರಾಕುಲಾ ಕೋಟೆಯ ಸೆಟ್ಟಿನಲ್ಲಿಯೇ.

1958ರಲ್ಲಿ ಬ್ರಿಟಿಷ್ ಸೆನ್ಸಾರ್ ಕತ್ತರಿ ಹಾಕಿದ್ದ ‘ಡ್ರಾಕುಲಾ’ದ ತುಣುಕುಗಳು ಜಪಾನಿಗೆ ಹೋದ ಪ್ರತಿಯಲ್ಲಿ ಇದ್ದವೆಂಬ ಮಾತು ಅಭಿಮಾನಿಗಳ ನಡುವೆ ದಶಕಗಳಿಂದ ಓಡಾಡುತ್ತಿತ್ತು. 2011ರಲ್ಲಿ ಟೋಕಿಯೊದ ರಾಷ್ಟ್ರೀಯ ಚಲನಚಿತ್ರ ಕೇಂದ್ರದಲ್ಲಿ, ಹಿಂದೆ ಬೆಂಕಿಯಿಂದ ಪಾರಾಗಿದ್ದ ಪ್ರತಿಯ ಕೊನೆಯ ರೀಲುಗಳು ಸಿಕ್ಕವು. ಲೀ ತಮ್ಮ ಮುಖದ ಚರ್ಮವನ್ನು ತಾವೇ ಉಗುರಿನಿಂದ ಕಿತ್ತುಕೊಳ್ಳುವ ತುಣುಕು ಅದರಲ್ಲಿತ್ತು. ಅದನ್ನು ಸೇರಿಸಿ ಸರಿಪಡಿಸಿದ ಚಿತ್ರ 2013ರಲ್ಲಿ ಬ್ಲೂ-ರೇ ಡಿಸ್ಕಿನಲ್ಲಿ ಹೊರಬಂತು.