ರಾಯಬಾಗ ಭಾಗದ ಜೈನ ಜನಜೀವನ: ಪಾಠಶಾಲೆಯ ಮಕ್ಕಳಿಂದ ದಾಖಲಿಸಲು ಸಾಮಗ್ರಿ

ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಜೈನರು ಹೆಚ್ಚಾಗಿ ಒಕ್ಕಲುತನದವರು. ಕಬ್ಬು, ತಂಬಾಕು, ಅಂಗಡಿ ವ್ಯಾಪಾರ, ಸಂಜೆಯಾಗುವ ಮೊದಲೇ ಊಟ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಇಂಥ ಜೀವನ ಪುಸ್ತಕಗಳಲ್ಲಿ ಕಡಿಮೆ ಬಂದಿದೆ. ಬಸದಿಯ ಪಾಠಶಾಲೆಗಳು ಮಕ್ಕಳಿಂದ ಇದನ್ನು ಬರೆಯಿಸಬಹುದು. ಬೇಕಾದ ಸಾಮಗ್ರಿ ಹತ್ತಿರದಲ್ಲೇ ಇದೆ.

ಮೊದಲು ಗೆಝೆಟಿಯರ್. ಬೆಳಗಾವಿ ಜಿಲ್ಲೆಯ ಮುಂಬೈ ಗೆಝೆಟಿಯರ್ 1884ರಲ್ಲಿ ಬಂತು. ಅದರಲ್ಲಿ ರಾಯಬಾಗವನ್ನು ಹುಡುಕಿದವರಿಗೆ ನಿರಾಸೆ ಆಗುತ್ತದೆ. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು, ಆದ್ದರಿಂದ 1886ರ ಕೊಲ್ಹಾಪುರ ಸಂಪುಟವನ್ನು ನೋಡಬೇಕು. ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಕೊಲ್ಹಾಪುರ 1949ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು. ಹಳೆಯ ಮನೆಗಳ ಕಾಗದಪತ್ರ ಮೋಡಿ ಲಿಪಿಯಲ್ಲಿ ಇರುವುದಕ್ಕೆ ಕಾರಣವೂ ಇದೇ.

ಶಾಸನಗಳಲ್ಲಿ ರಾಯಬಾಗದ ಹೆಸರು ಹೂವಿನ ಬಾಗೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ 1201ರ ಶಾಸನ ಇಲ್ಲಿಯದು. ಬೆಳಗಾವಿಯ ರಟ್ಟರ ಕಾಲದ ಎರಡು ಶಾಸನಶಿಲೆಗಳು ಮಾತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಊರಲ್ಲೇ ಉಳಿದ ಕಲ್ಲುಗಳಿಗೆ ಬೇರೆ ಆಪತ್ತು: ಜೀರ್ಣೋದ್ಧಾರದ ಹೊತ್ತಿಗೆ ಆಯಿಲ್ ಪೇಂಟ್, ಸಿಮೆಂಟು, ಗ್ರಾನೈಟ್. ಮೂರ್ತಿಯ ಪಾದಪೀಠದ ಬರಹ ಒಮ್ಮೆ ಟೈಲ್ಸ್ ಕೆಳಗೆ ಹೋದರೆ ಹೋದಂತೆಯೇ. ಕೆಲಸ ಶುರುವಾಗುವ ಮೊದಲೇ ಬಸದಿ ಕಮಿಟಿಯವರ ಒಪ್ಪಿಗೆ ಪಡೆದು ಮಕ್ಕಳಿಂದ ಫೋಟೊ ತೆಗೆಸಬೇಕು. ಅಕ್ಷರ ಕಾಣಲೆಂದು ಸುಣ್ಣ, ಅರಿಸಿನ, ಎಣ್ಣೆ ಹಚ್ಚಬಾರದು. ರಾತ್ರಿ ಟಾರ್ಚನ್ನು ಒಂದು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಅಳತೆಯೂ ಸಿಗುತ್ತದೆ.

ಎಲ್ಲಕ್ಕಿಂತ ಬೇಗ ಹಾಳಾಗುತ್ತಿರುವುದು ಅಂಗಡಿಯ ಕೀರ್ದಿ, ಖತಾವಣಿ ಪುಸ್ತಕ. ದೀಪಾವಳಿಗೆ ಹೊಸ ಚೋಪಡಿ ಪೂಜೆ ಆಗುತ್ತದೆ, ಹಳೆಯದು ಮಾಳಿಗೆ ಸೇರುತ್ತದೆ, ಮನೆ ಕೆಡವುವಾಗ ರದ್ದಿಗೆ ಹೋಗುತ್ತದೆ. ಯಾವ ವರ್ಷ ಬೆಲ್ಲದ ದರ ಎಷ್ಟಿತ್ತು, ಪಂಚಕಲ್ಯಾಣಕ್ಕೆ ಯಾರು ಎಷ್ಟು ಜೋಳ ಕೊಟ್ಟರು, ಮುನಿಗಳ ಚಾತುರ್ಮಾಸಕ್ಕೆ ಏನು ಖರ್ಚಾಯಿತು, ಎಲ್ಲ ಅದರಲ್ಲೇ ಇರುತ್ತದೆ. ಮೋಡಿ ಓದಬಲ್ಲ ಹಿರಿಯರು ಈಗ ಬಹಳ ಕಡಿಮೆ. ಅವರು ಇರುವಾಗಲೇ ಒಂದೊಂದು ಪುಟ ಓದಿಸಿ, ಮಕ್ಕಳಿಂದ ಕನ್ನಡದಲ್ಲಿ ಬರೆಸಬೇಕು. ಸಾಲ, ಅಡವು, ಪಾಲಿನ ತಕರಾರು ಇರುವ ಪುಟಗಳನ್ನು ಮನೆಯವರ ಒಪ್ಪಿಗೆ ಇಲ್ಲದೆ ಯಾರಿಗೂ ತೋರಿಸಬಾರದು. ಇದಕ್ಕೆ ಹೆದರಿಯೇ ಎಷ್ಟೋ ಮನೆಯವರು ಪುಸ್ತಕ ಹೊರಗೆ ತೆಗೆಯುವುದಿಲ್ಲ.

ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಲು ಆಯಿ, ಅಜ್ಜಂದಿರೇ ಮೊದಲು. "ನಿಮ್ಮ ಸಂಸ್ಕೃತಿ ಹೇಳ್ರಿ" ಎಂದರೆ ಯಾರೂ ಬಾಯಿ ಬಿಡುವುದಿಲ್ಲ. "ಆಯಿ, ನೀ ನೋಂಪಿ ಹಿಡಿದಾಗ ಏನೇನು ಮಾಡ್ತಿದ್ದಿ? ಸ್ತವನಿಧಿ ಜಾತ್ರಿಗೆ ಚಕ್ಕಡಿ ಕಟ್ಟಿ ಹೋಗ್ತಿದ್ರೇನು?" ಎಂದು ಕೇಳಿದರೆ ತಾಸುಗಟ್ಟಲೆ ಹೇಳುತ್ತಾರೆ. ಅವರ ಮಾತನ್ನು ಗ್ರಂಥದ ಕನ್ನಡಕ್ಕೆ ತಿದ್ದದೆ ಇದ್ದಂತೆಯೇ ಬರೆಯಬೇಕು. ಶೇಡಬಾಳದ ಮಿರ್ಜಿ ಅಣ್ಣಾರಾಯರ 'ನಿಸರ್ಗ' ಕಾದಂಬರಿಯನ್ನು ದೊಡ್ಡ ಮಕ್ಕಳಿಗೆ ಓದಿಸಿದರೆ ನಮ್ಮ ಭಾಗದ ಬದುಕನ್ನು ಬರೆಯುವುದು ಹೇಗೆಂದು ತಿಳಿಯುತ್ತದೆ.

ಈ ನೆಲದ ಹೆಸರಾಂತರ ಊರುಗಳೂ ಪಾಠಕ್ಕೆ ಒಳ್ಳೆಯವು: ಆಚಾರ್ಯ ಶಾಂತಿಸಾಗರರ ಭೋಜ, ಆಚಾರ್ಯ ದೇಶಭೂಷಣರ ಕೋಥಳಿ, ಆಚಾರ್ಯ ವಿದ್ಯಾನಂದರ ಶೇಡಬಾಳ. ಸದಲಗಾದಲ್ಲಿ 1906ರಲ್ಲಿ ವಿದ್ವಾಂಸ ಆ. ನೇ. ಉಪಾಧ್ಯೆ ಹುಟ್ಟಿದರು, 1946ರಲ್ಲಿ ಆಚಾರ್ಯ ವಿದ್ಯಾಸಾಗರರು.

ಕೆಲಸಕ್ಕೆ ದಿನ ನೋಡುವುದಾದರೆ ಜ್ಯೇಷ್ಠ ಶುದ್ಧ ಪಂಚಮಿ, ಶ್ರುತಪಂಚಮಿ. ಅಂದು ಹೇಗೂ ಬಸದಿಯ ಗ್ರಂಥಗಳನ್ನು ಹೊರಗೆ ತೆಗೆದು ಧೂಳು ಒರೆಸಿ, ಹೊಸ ವಸ್ತ್ರ ಸುತ್ತುತ್ತಾರೆ. ಆಗಲೇ ಪ್ರತಿಯೊಂದರ ಹೆಸರು, ಎಲೆಗಳ ಸಂಖ್ಯೆ, ಕೊನೆಯ ಎಲೆಯಲ್ಲಿರುವ ಲಿಪಿಕಾರನ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಸಾಕು. ಫೋಟೊ, ರೆಕಾರ್ಡಿಂಗ್‌ಗಳ ಒಂದು ಪ್ರತಿ ಬಸದಿಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ ಇರಲಿ. ಕೃಷ್ಣೆಯ ಮಹಾಪೂರ ಕಂಡ ಹೊಳೆದಂಡೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.